ಹೊಸದರಂತೆ ಕಂಡ ಸವರನ್ ನಾಣ್ಯ

ಫೋಟೋ ನೋಡಿ ಹಳೆ ಚಿನ್ನದ ನಾಣ್ಯಗಳ ದರ್ಜೆ ಹೇಳುವುದು ನನ್ನ ಹವ್ಯಾಸ, ಸ್ವಲ್ಪ ಸಂಪಾದನೆ ಕೂಡ. ಬಳ್ಳಾರಿಯ ವ್ಯಾಪಾರಿಯೊಬ್ಬರು ನನ್ನ ಮಾತಿನ ಮೇಲೆ ಕೊಳ್ಳುತ್ತಾರೆ. ರಾಯದುರ್ಗದ ನಮ್ಮ ಬಟ್ಟೆ ಅಂಗಡಿಯಲ್ಲಿ ಕೂತು, ಮೊಬೈಲಿನಲ್ಲಿ ನಾಣ್ಯದ ಮೇಲಿನ ಬ್ರಿಟಿಷ್ ರಾಣಿಯ ಮುಖವನ್ನು ಎರಡು ಬೆರಳಿಂದ ಹಿಗ್ಗಿಸಿ, ಕಿವಿಯ ಮೇಲಿನ ಕೂದಲು ಎಷ್ಟು ಸವೆದಿದೆ ಎಂದು ನೋಡುತ್ತೇನೆ. ಸವೆದಷ್ಟೂ ದರ್ಜೆ ಇಳಿಯುತ್ತದೆ. ಇಷ್ಟೇ ವಿದ್ಯೆ. ಇಷ್ಟಕ್ಕೇ ನನಗೆ ಕೊಬ್ಬು.

ನಮ್ಮ ಅಂಗಡಿಗೆ ಬರುವ ಮಮತಾ ಅಗಳಿ ಕಡೆಯವಳು. ಇಲ್ಲಿನ ಜೀನ್ಸ್ ಯೂನಿಟ್ಟಿನಲ್ಲಿ ಹೊಸ ಪ್ಯಾಂಟುಗಳ ತೊಡೆಗೆ ಉಪ್ಪುಕಾಗದ, ಅಂದರೆ ಸ್ಯಾಂಡ್‌ಪೇಪರ್, ಉಜ್ಜಿ ಹಳೆಯದರಂತೆ ಮಾಡುವ ಕೆಲಸ. ಮಗಳು ಸೌಭಾಗ್ಯ ಊರಲ್ಲಿ ಮಮತಾಳ ತಾಯಿ ಎರ್ರಮ್ಮನ ಹತ್ತಿರ. ಆ ಮಗು ಹೆತ್ತವಳನ್ನೇ ‘ರಾಯದುರ್ಗದಮ್ಮ’ ಎಂದು ಕರೆಯುತ್ತದಂತೆ. ಎರ್ರಮ್ಮನ ಬಳಿ ಬ್ರಿಟಿಷರ ಕಾಲದ ಒಂದು ಚಿನ್ನದ ನಾಣ್ಯ, ಸವರನ್, ಇತ್ತು. ಒಳ್ಳೆ ದರ್ಜೆ ಸಿಕ್ಕಿದರೆ ಅದನ್ನು ಮಾರಿ, ಎರಡು ಹೊಲಿಗೆ ಮಿಷನ್ನು ಹಾಕಿಕೊಂಡು ಮಗಳ ಜೊತೆ ಊರಲ್ಲೇ ಇರುವುದು ಮಮತಾಳ ಆಸೆ. ಬರೀ ತೂಕಕ್ಕೆ ಮಾರಿದರೆ ಆ ಆಸೆ ಅಲ್ಲಿಗೇ ಮುಗಿಯಿತು.

ಶುಕ್ರವಾರ ಅವಳು ಫೋಟೋ ಕಳಿಸಿ ಫೋನು ಮಾಡಿದಾಗ ಅಂಗಡಿ ತುಂಬ ಗಿರಾಕಿಗಳು. ಒಂದೇ ಸಲ ನೋಡಿದೆ. ನಾಣ್ಯ ಪಳಪಳ ಹೊಳೆಯುತ್ತಿತ್ತು.

“ತೀರಾ ಹೊಸಾದಿದ್ದಂಗ ಕಾಣ್ತೈತಿ ತಂಗಿ. ಹಳೇದು ಅಂದ್ರ ಯಾರೂ ನಂಬಂಗಿಲ್ಲ.”

“ಹಳೇದೇ ಕಣಣ್ಣಾ. ನಮ್ಮಮ್ಮನ ಅಜ್ಜೀದು. ಹತ್ತೀಲಿ ಸುತ್ತಿ ಮಡಗಿದ್ರು, ಯಾರೂ ಮುಟ್ಟಿಲ್ಲ.”

“ನೋಡಿದ್ರ ಹಳೇದು ಅನ್ನಿಸ್ಬೇಕಲ್ಲವ್ವ!” ಎಂದು ರೇಗಿ ಫೋನಿಟ್ಟೆ.

ಆಮೇಲೆ ಎರಡು ದಿನ ಮನಸ್ಸಿಗೆ ಕಿರಿಕಿರಿ. ಊಟ ರುಚಿಸಲಿಲ್ಲ, ಹೆಂಡತಿಯ ಮೇಲೂ ಹರಿಹಾಯ್ದೆ. ಭಾನುವಾರ ಬೆಳಿಗ್ಗೆ ಆ ಫೋಟೋ ಮತ್ತೆ ತೆಗೆದು ಹಿಗ್ಗಿಸಿದೆ. ನಕಲಿಯಲ್ಲಿ ಅಕ್ಷರದ ಅಂಚು ಮೊಂಡಾಗಿರುತ್ತದೆ. ಇಲ್ಲಿ ಒಂದೊಂದೂ ಚೂಪು. ರಾಣಿಯ ಕೂದಲನ್ನು ಎಳೆ ಎಳೆಯಾಗಿ ಎಣಿಸಬಹುದಿತ್ತು. ಹದಿನಾಲ್ಕು ವರ್ಷದಲ್ಲಿ ಅಂಥ ನಾಣ್ಯ ನಾನು ಕಂಡಿರಲಿಲ್ಲ.

ಮಮತಾಳಿಗೆ ಫೋನು ಹತ್ತಲಿಲ್ಲ. ಯೂನಿಟ್ಟಿಗೆ ಓಡಿದೆ. ವಾಚ್‌ಮನ್ ಪಾಪಣ್ಣ, “ನಿನ್ನೇನ ಊರಿಗೆ ಹೋದ್ಲಲ್ರಿ,” ಅಂದ. ನಕಲಿ ಎಂದುಕೊಂಡು ಅವಳು ಬೇಸತ್ತು ಮಡಕಶಿರಾದ ಯಾವುದಾದರೂ ಅಂಗಡಿಯಲ್ಲಿ ಕರಗಿಸಲು ಕೊಟ್ಟುಬಿಟ್ಟರೆ? ಸಿಕ್ಕ ಬಸ್ಸು ಹತ್ತಿದೆ. ಕಲ್ಯಾಣದುರ್ಗದಲ್ಲಿ ಬಸ್ಸು ನಿಂತಾಗ ಚಹಾ ಕೊಂಡು, ಕುಡಿಯದೆ ಚೆಲ್ಲಿದೆ. ದಾರಿಯುದ್ದಕ್ಕೂ ಅವಳ ನಂಬರು ಒತ್ತುತ್ತಲೇ ಇದ್ದೆ. ಪಕ್ಕದಲ್ಲಿ ಕೂತವನು ಎದ್ದು ಬೇರೆ ಸೀಟಿಗೆ ಹೋದ.

ಅಗಳಿ ತಲುಪಿದಾಗ ಮಧ್ಯಾಹ್ನ. ಎರ್ರಮ್ಮ ಅಂಗಳದಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದಳು. ಪುಟ್ಟ ಹುಡುಗಿ ಒಳಗೆ ಕೂಗಿದಳು. “ರಾಯದುರ್ಗದಮ್ಮಾ, ಯಾರೋ ಬಂದವ್ರೆ!”

“ಮಾರಿಲ್ಲ ಹೌದಿಲ್ಲೋ?” ಮಮತಾಳನ್ನು ಕಂಡೊಡನೆ ಕೇಳಿದೆ.

“ಅಯ್ಯೋ, ನಿಮ್ಮನ್ನ ಕೇಳ್ದೆ ಮಾರ್ತೀನಾ ಅಣ್ಣಾ?”

ಬದುಕಿದೆ ಅನ್ನಿಸಿತು. ಜಗಲಿಯ ಮೇಲೆ ಕುಸಿದು ಕೂತೆ. ಅವಳು ನಗುತ್ತಾ ಸೆರಗಿನ ಗಂಟು ಬಿಚ್ಚಿ ನಾಣ್ಯವನ್ನು ನನ್ನ ಅಂಗೈಯಲ್ಲಿಟ್ಟಳು.

ರಾಣಿಗೆ ಕೂದಲಿರಲಿಲ್ಲ. ಕಿವಿಯೂ ಇರಲಿಲ್ಲ. ಮುಖದ ಮೇಲೆಲ್ಲ ಸಣ್ಣ ಸಣ್ಣ ಗೆರೆ, ಎಲ್ಲವೂ ಒಂದೇ ಕಡೆಗೆ. ಆ ಗೆರೆಗಳು ನನಗೆ ಗೊತ್ತಿದ್ದವು. ನಾನು ತೊಟ್ಟಿದ್ದ ಪ್ಯಾಂಟಿನ ತೊಡೆಯ ಮೇಲೂ ಇದ್ದವು.

“ಈಗ ಹಳೇದು ಅನ್ನಿಸ್ತದೆ ಅಲ್ವಾ? ಪ್ಯಾಂಟಿಗೆ ಹಾಕೋ ಒರಟು ಕಾಗ್ದ ಹಾಕ್ಲಿಲ್ಲ ಅಣ್ಣಾ. ಚಿನ್ನ ಅಲ್ವಾ, ನೈಸ್ ಕಾಗ್ದದಲ್ಲೇ ನಿಧಾನಕ್ಕೆ ಉಜ್ಜಿದೀನಿ.”

ನಾಚಿಕೆಯಿಂದ ಸತ್ತುಹೋದಂತಾಯಿತು. “ತಪ್ಪಾತು ತಂಗಿ,” ಅಂದೆ. “ತಪ್ಪು ನಂದು.”

ಮಮತಾಳ ಮುಖ ಸಣ್ಣಗಾಯಿತು. ನನ್ನ ಕೈಯಿಂದ ನಾಣ್ಯ ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿದಳು.

“ಇನ್ನೂ ವಸಿ ಉಜ್ಜಬೇಕಿತ್ತಾ ಅಣ್ಣಾ?”