ಅವನೇ ಸೈ ಅಂದ

ನಮ್ಮದು ವಾಕ್ ಶ್ರವಣ ತಜ್ಞರ ಸಂಘ. ಪೀಣ್ಯದ ಆ ಫ್ಯಾಕ್ಟರಿಯ ಗೇಟಿಗೆ ಬ್ಯಾನರ್ ಕಟ್ಟಿಸುತ್ತಿದ್ದಾಗ ವಾಚ್‌ಮನ್ ಅದನ್ನು ಓದಿ, "ಬೆಳಿಗ್ಗೆ ವಾಕ್ ಹೋಗೋರ ಸಂಘಾನಾ ಮೇಡಂ?" ಅಂದ. ನಾನು ಬಿದ್ದುಬಿದ್ದು ನಕ್ಕೆ. ನಮ್ಮ ಕಾರ್ಯದರ್ಶಿ ಕೃಷ್ಣಪ್ಪನವರು ಮಾತ್ರ ಮುಖ ಗಂಟು ಹಾಕಿಕೊಂಡರು. ಎಂಬತ್ತೆರಡನೇ ಇಸವಿ. ತೊದಲುವವರಿಗೆ ಮಾತು ತಿದ್ದುವ, ಕಿವಿ ಎಷ್ಟು ಕೇಳುತ್ತದೆಂದು ಅಳೆಯುವ ನಮ್ಮಂಥವರು ಇದ್ದೇವೆ ಎಂಬುದೇ ಊರಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಸಿಯೇ ತೀರಬೇಕೆಂದು ಕೃಷ್ಣಪ್ಪನವರು ಆ ವರ್ಷ ಸಂಘದಿಂದ ಶ್ರವಣ ಸಪ್ತಾಹ ಹಮ್ಮಿಕೊಂಡಿದ್ದರು. ವಾರವೆಲ್ಲ ಕಾರ್ಮಿಕರ ಕಿವಿ ಪರೀಕ್ಷೆ, ಕೊನೆಯ ದಿನ ಫ್ಯಾಕ್ಟರಿಯ ಒಳಗೇ ಸಮಾರೋಪ, ಮುಖ್ಯ ಅತಿಥಿಗಳು, ಹಾರ, ಪೇಪರಿನವರು.

ಆ ಫ್ಯಾಕ್ಟರಿ ಸಂಘಕ್ಕೆ ಸಿಕ್ಕಿದ್ದು ನನ್ನ ದೆಸೆಯಿಂದ. ನಾನು ಲಗ್ಗೆರೆಯವಳು, ಮೈಸೂರಿನಲ್ಲಿ ಈ ವಿದ್ಯೆ ಓದಿ ಬಂದವಳು. ನನ್ನ ತಮ್ಮ ನಲ್ಲಪ್ಪ ಅಲ್ಲಿ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿದ್ದ. ನಮ್ಮೂರಿನ ಅರ್ಧ ಗಂಡಸರು ಅಲ್ಲೇ ಇದ್ದರು. ಪ್ರೆಸ್ ಶಾಪಿಗೆ ಕಾಲಿಟ್ಟರೆ ಸದ್ದು ಮೊದಲು ಎದೆಗೆ ಬಡಿಯುತ್ತದೆ, ಆಮೇಲೆ ಕಿವಿಗೆ.

ದೊಡ್ಡ ಪ್ರೆಸ್ಸಿಗೆ ಇಬ್ಬರು. ನಲ್ಲಪ್ಪ ಮುಂದೆ ನಿಂತು ತಗಡನ್ನು ಅಚ್ಚಿನೊಳಗೆ ಕೂರಿಸಿ, ಕೈ ಹೊರಗೆಳೆದುಕೊಂಡು "ಸೈ" ಅನ್ನಬೇಕು. ಪಕ್ಕದಲ್ಲಿ ಕಬ್ಬಿಣದ ಕಂಬದ ಆಚೆ ಕೂತ, ನಮ್ಮೂರವನೇ ಆದ ಸೊಣ್ಣಪ್ಪ ಮಾವ ಅದನ್ನು ಕೇಳಿ ಪೆಡಲ್ ತುಳಿಯಬೇಕು. ಮೇಲಿಂದ ಮಂಚದಗಲದ ಕಬ್ಬಿಣ ಇಳಿದು ತಗಡು ಬಗ್ಗುತ್ತದೆ. ಕಂಬ ಅಡ್ಡವಿರುವುದರಿಂದ ಮಾವನಿಗೆ ನಲ್ಲಪ್ಪನ ಕೈ ಕಾಣುವುದಿಲ್ಲ. ಕೈ ಒಳಗೇ ಸಿಕ್ಕಿಕೊಂಡರೆ "ಕೈ!" ಎಂದು ಕೂಗಬೇಕು. ಸೈ ಅಂದರೆ ತುಳಿ, ಕೈ ಅಂದರೆ ತುಳಿಯಬೇಡ. ಯಾವ ಪುಣ್ಯಾತ್ಮ ಮಾಡಿದ ಪದ್ಧತಿಯೋ, ಅವನ ಬಾಯಿಗೆ ಮಣ್ಣು ಬೀಳ! ಸುಮ್ಮನಿದ್ದರೂ ಮಾವ ತುಳಿಯುತ್ತಿರಲಿಲ್ಲ, ನಿಜ. ಆದರೆ ಕೈ ಸಿಕ್ಕಿಕೊಂಡವನು ಸುಮ್ಮನಿರುತ್ತಾನೆಯೇ?

ನಲ್ಲಪ್ಪನಿಗಿಂತ ಮುಂಚೆ ಆ ಜಾಗದಲ್ಲಿ ನಿಲ್ಲುತ್ತಿದ್ದವನು ಚಿಕ್ಕಮುನಿಯಪ್ಪ. ಅವನೂ ಸೊಣ್ಣಪ್ಪ ಮಾವನೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಎರಡು ವರ್ಷದ ಹಿಂದೆ ಚಿಕ್ಕಮುನಿಯಪ್ಪನ ಬಲಗೈ ಬೆರಳುಗಳು ಆ ಪ್ರೆಸ್ಸಿಗೆ ಹೋದವು. ತಾನು "ಕೈ" ಎಂದು ಕೂಗಿದೆ ಎಂದು ಅವನು ಆಸ್ಪತ್ರೆಯಲ್ಲಿ ಬಡಕೊಂಡ. ವಿಚಾರಣೆಯಲ್ಲಿ ಮಾವ ಧರ್ಮಸ್ಥಳದ ಮೇಲೆ ಆಣೆ ಇಟ್ಟು, "ಅವನೇ ಸೈ ಅಂದ, ನನ್ ಕಿವಿಯಾರೆ ಕೇಳ್ದೆ" ಅಂದ. ತಪ್ಪು ಕೈ ಕಳಕೊಂಡವನದೇ ಎಂದು ತೀರ್ಮಾನವಾಯಿತು. ಕಂಪನಿ ಅವನನ್ನು ಬರಿಗೈಯಲ್ಲಿ ಮನೆಗೆ ಕಳಿಸಿತು. ಈಗ ಅವನು ಅದೇ ಗೇಟಿನ ಎದುರು ಟೀ ಅಂಗಡಿ ಇಟ್ಟುಕೊಂಡಿದ್ದ. ಮಾವ ಅವನ ಮುಂದೆಯೇ ಓಡಾಡಿದರೂ ಇಬ್ಬರಿಗೂ ಮಾತಿಲ್ಲ.

ಪರೀಕ್ಷೆಯ ದಿನ ಮಾವ ನಗುನಗುತ್ತಾ ಬಂದು ಕೂತ. ಹಾಜರಿ ಹಾಕುವ ಟೈಮ್ ಆಫೀಸಿನ ಕಿಟಕಿಗೆ ಕಂಬಳಿ ಕಟ್ಟಿ ಸದ್ದು ತಡೆದಿದ್ದೆವು. ನಮ್ಮ ಕೆಲಸದಲ್ಲಿ ಒಂದು ನೇಮ ಇದೆ: ಮಾತು ಹೇಳುವಾಗ ಬಾಯಿಗೆ ರಟ್ಟು ಅಡ್ಡ ಹಿಡಿಯಬೇಕು. ಕಿವಿ ಮಂದವಾದವರು ತಮಗೇ ಗೊತ್ತಿಲ್ಲದೆ ತುಟಿ ಓದಿಬಿಡುತ್ತಾರೆ.

"ನಾನು ಅಂದಿದ್ದನ್ನೇ ವಾಪಸ್ ಅನ್ನು ಮಾವ. ಮನೆ."

"ಮನೆ."

"ಎಮ್ಮೆ."

"ಎಮ್ಮೆ. ಇದೇನಮ್ಮಣ್ಣಿ, ಮಗೀಗೆ ಏಳ್ದಂಗೆ ಏಳ್ತೀಯ?"

"ಸೊಪ್ಪು."

"ಉಪ್ಪು."

ಸ, ಕ ಥರದ ಕೀಚಲು ಅಕ್ಷರಗಳು ಅವನಿಗೆ ಹೋಗಿದ್ದವು. ವರ್ಷಗಟ್ಟಲೆ ಸದ್ದು ತಿಂದ ಕಿವಿ ಹಾಗೇ ಆಗುವುದು; ಮಾತು ಕೇಳುತ್ತದೆ, ಅಕ್ಷರ ಕೇಳುವುದಿಲ್ಲ. ಬಿಟ್ಟುಹೋದ ಅಕ್ಷರವನ್ನು ಅಭ್ಯಾಸ ತುಂಬಿಕೊಳ್ಳುತ್ತದೆ. ಆಗ ನನಗೆ ತಟ್ಟನೆ ಹೊಳೆಯಿತು. ರಟ್ಟನ್ನು ಇನ್ನಷ್ಟು ಒತ್ತಿ ಹಿಡಿದು "ಕೈ" ಅಂದೆ.

"ಸೈ," ಅಂದ ಮಾವ.

ಇನ್ನೊಮ್ಮೆ ಅಂದೆ. ಜೋರಾಗಿ ಅಂದೆ. ಅಂದಷ್ಟು ಸಲವೂ ಅವನು ಸೈ ಅಂದ. ಆಮೇಲೆ ತೊಡೆ ತಟ್ಟಿಕೊಂಡು ನಕ್ಕ: "ಇಲ್ಲಿ ಪೆಡಲ್ ಇಲ್ಲ, ನೀನು ಬಚಾವು ಕಣಮ್ಮಣ್ಣಿ. ಇದ್ದಿದ್ರೆ ತುಳಿದ್ಬಿಡ್ತಿದ್ದೆ!"

ನಲ್ಲಪ್ಪ ಅದೇ ಹೊತ್ತಿಗೆ ಕಂಬದ ಆಚೆ ಅಚ್ಚಿನೊಳಗೆ ಕೈ ಹಾಕಲು ಕಾದು ನಿಂತಿದ್ದ. ಮಾವನ ನಂತರ ಉಳಿದ ಪೆಡಲಿನವರನ್ನೂ ಕೂರಿಸಿ ನೋಡಿದೆ. ಹೆಚ್ಚುಕಮ್ಮಿ ಎಲ್ಲರದೂ ಅದೇ ಕಥೆ.

ಕೃಷ್ಣಪ್ಪನವರಿಗೆ ಹೇಳಿದೆ. ಕೆಟ್ಟ ಮನುಷ್ಯರಲ್ಲ ಅವರು, ಆದರೆ ಬ್ಯಾನರ್ ಸೊಟ್ಟಗಾದರೆ ನಿದ್ದೆ ಬಾರದ ಜಾತಿ. "ಒಬ್ಬೊಬ್ಬರ ಹೆಸರು ಎತ್ತಿ ಮಾತಾಡಲ್ಲ ಅಂತ ಸಂಘ ಕಂಪನಿಗೆ ಮಾತು ಕೊಟ್ಟಿದೆ, ಭಾಗ್ಯಮ್ಮ. ಸಮಾರೋಪ ಒಂದು ಮುಗೀಲಿ," ಅಂದರು.

"ಅಷ್ಟರಲ್ಲಿ ನನ್ನ ತಮ್ಮನ ಕೈ ಮುಗಿದಿರುತ್ತೆ ಸಾರ್!"

ಅವರು ಸುತ್ತಮುತ್ತ ನೋಡಿ ನನ್ನನ್ನು ಮೆಲ್ಲಗೆ ಮ್ಯಾನೇಜರ್ ಹತ್ತಿರ ಕರೆದುಕೊಂಡು ಹೋದರು. ಮ್ಯಾನೇಜರ್ ಕಾಫಿ ತರಿಸಿ, ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತಾ ಕೇಳಿಸಿಕೊಂಡ.

"ಒಳ್ಳೇ ಕೆಲಸ ಮಾಡ್ತಿದೀರಿ ಮೇಡಂ. ಆದ್ರೆ ಸೊಣ್ಣಪ್ಪಂಗೆ ಇವತ್ತು ಕೇಳ್ಸಲ್ಲ ಅಂದ್ರೆ, ಅವತ್ತೂ ಕೇಳ್ಸಿರ್ಲಿಲ್ಲ ಅಂತಾಗುತ್ತಲ್ವಾ? ಅದು ಮುಗಿದಿರೋ ಕೇಸು." ಲೋಟವನ್ನು ನನ್ನ ಕಡೆಗೆ ಸರಿಸಿದ. "ನಲ್ಲಪ್ಪ ನಿಮ್ಮ ತಮ್ಮ ಅಲ್ವಾ? ಒಳ್ಳೇ ಹುಡುಗ. ಹಾಗೇ ಇರ್ಲಿ ಬಿಡಿ."

ಆ ಕೊನೆಯ ಮಾತನ್ನು ಅವನು ನಗುತ್ತಲೇ ಅಂದ. ನಾನು ಕಾಫಿ ಮುಟ್ಟದೆ ಎದ್ದು ಬಂದೆ.

ಸಂಜೆ ಸೀದಾ ಮಾವನ ಮನೆಗೇ ಹೋದೆ. ಅವನು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದ. "ನನ್ ಕಿವಿ ಎಂಗಿತ್ತಮ್ಮಣ್ಣಿ?" ಅಂದ.

"ಕೈ ಅಂದರೂ ನಿನಗೆ ಸೈ ಅಂತಲೇ ಕೇಳುತ್ತೆ ಮಾವ. ಆ ಪೆಡಲ್ ಬಿಟ್ಟುಬಿಡು."

ಅವನ ಕೈ ಅಲ್ಲೇ ನಿಂತಿತು. ನಗು ಹೋದ ಆ ಮುಖವನ್ನು ನಾನು ಎಂದೂ ನೋಡಿರಲಿಲ್ಲ.

"ಚಿಕ್ಕಮುನಿ ಕಳ್ಸಿದ್ನಾ ನಿನ್ನ?"

"ಅಯ್ಯೋ ಇಲ್ಲ ಮಾವ..."

"ಅವನ ಕೈ ನಾನು ತುಳ್ದೆ ಅನ್ನೋಕ್ ಬಂದ್ಯೇನೆ? ನನ್ ಜೊತೆ ಉಟ್ಟಿದಂಗಿದ್ದೋನು ಅವನು! ಅವನೇ ಸೈ ಅಂದ. ಎದ್ದೋಗು, ನನ್ ಬಾಯಲ್ಲಿ ಬ್ಯಾರೆ ಮಾತು ಬರೋಕ್ ಮುಂಚೆ ಎದ್ದೋಗು." ಮೊರ ಎತ್ತಿ ಅಂಗಳಕ್ಕೆ ಎಸೆದ. ಕಾಳೆಲ್ಲ ಮಣ್ಣಿನ ಪಾಲಾಯಿತು.

ಮನೆಗೆ ಬಂದು ನಲ್ಲಪ್ಪನ ಮುಂದೆ ಕೂತೆ. ಮಾವನ ಕಿವಿಯ ಸಂಗತಿ ಹೇಳಿ, ನಾಳೆಯಿಂದ ಕೆಲಸಕ್ಕೆ ಹೋಗಬೇಡ ಎಂದು ಕಣ್ಣೀರು ಹಾಕಿದೆ, ಬೈದೆ, ಅವ್ವನ ಆಣೆ ಇಟ್ಟೆ.

"ಹೋಗ್ದೆ ಏನ್ ಮಾಡ್ಲಿ, ನಿನ್ ಸಂಘದಲ್ಲಿ ಕಿವಿ ಹಿಂಡ್ಕೊಂಡ್ ಕೂತ್ಕೊಳ್ಳಾ?" ಎಂದು ನಕ್ಕ. "ಕೈ ಅನ್ನೋ ಪ್ರಸಂಗ ತಂದ್ರೆ ತಾನೇ ಅಕ್ಕ? ನನ್ ಕೈ ಹಾವಿನ್ ನಾಲ್ಗೆ ಇದ್ದಂಗೆ, ಒಳಗೆ ಹೋಗಿದ್ದೂ ಕಾಣಲ್ಲ, ಬಂದಿದ್ದೂ ಕಾಣಲ್ಲ."

"ಸಿಕ್ಕಿಕೊಂಡರೆ?"

"ಬಾಯಿ ಮುಚ್ಕೊಂಡಿರ್ತೀನಿ. ಆಯ್ತಾ? ಮಾತು ಕೊಟ್ಟೆ ಕಣಕ್ಕ, ಈಗ ಮುದ್ದೆ ಹಾಕು."

ಉಳಿದ ದಿನಗಳಲ್ಲಿ ಪರೀಕ್ಷೆಗೆ ಕೂತರೂ ನನ್ನ ಕಿವಿ ಪ್ರೆಸ್ ಶಾಪಿನ ಕಡೆಗೇ ಇತ್ತು. ಕಂಬಳಿ ದಾಟಿಯೂ ಪ್ರೆಸ್ಸಿನ ಸದ್ದು ಮಂದವಾಗಿ ಕೇಳುತ್ತಿತ್ತು. ಒಂದು ಏಟು ಬಿದ್ದು ಇನ್ನೊಂದು ಬೀಳುವುದು ತಡವಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತಿದ್ದೆ. ಮತ್ತೆ ಸದ್ದು ಬಂದರೂ ಸಮಾಧಾನವಿಲ್ಲ, ಬಾರದಿದ್ದರೂ ಇಲ್ಲ.

ಸಮಾರೋಪದ ದಿನ ಪ್ರೆಸ್ ಶಾಪಿನೊಳಗೇ ವೇದಿಕೆ ಹಾಕಿದ್ದರು. ಮೇಲೆ ನಮ್ಮ ಸಂಘದ ಬ್ಯಾನರ್, "ಕಿವಿ ಕಾಪಾಡಿಕೊಳ್ಳಿ" ಎಂದು ದಪ್ಪಕ್ಷರ. ಸ್ವಾಗತ, ಪ್ರಾಸ್ತಾವಿಕ ಎಲ್ಲ ಮುಗಿದವು. ನನ್ನ ಪಾಲಿಗೆ ವಂದನಾರ್ಪಣೆ. ಮುಖ್ಯ ಅತಿಥಿಗಳು ಯಂತ್ರ ಓಡುವುದನ್ನು ನೋಡಬೇಕೆಂದರು. ಮ್ಯಾನೇಜರ್ ಕೈ ಬೀಸಿದ. ನಲ್ಲಪ್ಪ ಬಂದು ಪ್ರೆಸ್ಸಿನ ಮುಂದೆ ನಿಂತ. ಅವನ ಎರಡೂ ಕೈಗೆ ಬೆಳ್ಳನೆಯ ಹೊಸ ಗ್ಲೌಸ್.

ಫೋಟೋಕ್ಕೆ ಚೆನ್ನಾಗಿ ಕಾಣಲಿ ಎಂದು ಮ್ಯಾನೇಜರ್ ಬೆಳಿಗ್ಗೆ ಹಂಚಿಸಿದ್ದನಂತೆ. ಹುಟ್ಟಿದಾಗಿನಿಂದ ಬರಿಗೈಯಲ್ಲಿ ಕೆಲಸ ಮಾಡಿದ ಹುಡುಗ, ಬೆರಳುಗಳನ್ನು ಅಗಲಿಸಿ ನೋಡಿಕೊಳ್ಳುತ್ತಿದ್ದ. ನಾನು ಕುರ್ಚಿ ಬಿಟ್ಟು ಎದ್ದೆ.

"ಭಾಗ್ಯಮ್ಮ, ಕೂತ್ಕೊಳ್ಳಿ, ಎಲ್ರೂ ನೋಡ್ತಿದಾರೆ," ಎಂದರು ಕೃಷ್ಣಪ್ಪನವರು ಹಲ್ಲು ಕಚ್ಚಿಕೊಂಡು.

"ನೋಡಲಿ," ಅಂದೆ. ಕೈಯಲ್ಲಿ ಆಮಂತ್ರಣ ಪತ್ರಿಕೆ ಹಿಡಿದುಕೊಂಡೇ ಇಳಿದು ಹೋಗಿ, ಕಂಬದ ಆಚೆ ಮಾವನ ಬೆನ್ನಿಗೆ ನಿಂತೆ. ಅವನು ತಿರುಗಿ ನೋಡಲಿಲ್ಲ.

ಕಂಬದಾಚೆಯಿಂದ ನಲ್ಲಪ್ಪನ ದನಿ: "ಸೈ." ಮಾವನ ಕಾಲು ಇಳಿಯಿತು, ನೆಲ ನಡುಗಿತು. ಅತಿಥಿಗಳು ಕಿವಿ ಮುಚ್ಚಿಕೊಂಡು ನಕ್ಕರು. "ಸೈ." ಮತ್ತೆ ನೆಲ ನಡುಗಿತು. ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ.

"ಕೈ!"

ನನ್ನ ಕಿವಿಗೆ ಅದು ಸ್ಪಷ್ಟವಾಗಿ ಬಿತ್ತು. ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಮಾತು ಕೊಟ್ಟವನು ಕೂಗಿಬಿಟ್ಟಿದ್ದ. ಮಾವನ ಕಾಲು ಪೆಡಲ್ ತುಳಿಯಲು ಏಳುತ್ತಿತ್ತು. ನಾನು ಬಾಯಿ ತೆರೆಯಲಿಲ್ಲ, ತೆರೆದು ಏನು ಪ್ರಯೋಜನ? ಇದ್ದಬದ್ದ ಬಲವೆಲ್ಲ ಹಾಕಿ ಭುಜದಿಂದ ಅವನನ್ನು ಗುದ್ದಿದೆ. ಸ್ಟೂಲಿನ ಸಮೇತ ಮಾವ ತಗಡಿನ ಚೂರುಗಳ ಮೇಲೆ ಉರುಳಿದ. ಪ್ರೆಸ್ಸು ಇಳಿಯಲಿಲ್ಲ.

"ಏನ್ ಬಂತು ನಿಂಗೆ, ಮುಂಡೇದೇ!" ಎಂದು ಮಾವ ಅರಚಿದ. "ಅವನೇ ಸೈ ಅಂದ! ನನ್ ಕಿವಿಯಾರೆ ಕೇಳ್ದೆ!"

ಆ ಮಾತು ಬಾಯಿಂದ ಬಿದ್ದದ್ದೇ ಅವನು ಹಾಗೇ ಸ್ತಬ್ಧನಾದ. ಕಂಬ ಬಳಸಿ ನೋಡಿದ. ಗ್ಲೌಸಿನ ನೂಲು ಅಚ್ಚಿನ ಅಂಚಿಗೆ ಸಿಕ್ಕಿಕೊಂಡಿತ್ತು. ನಲ್ಲಪ್ಪ ಮಣಿಕಟ್ಟಿನವರೆಗೆ ಒಳಗಿದ್ದ ಕೈಯನ್ನು ಎಳೆಯುತ್ತಾ, ಸುಣ್ಣದಂತೆ ಬಿಳಿಚಿಕೊಂಡು ನಿಂತಿದ್ದ.

"ಕೈ ಅಂದೆ ಮಾವ," ಅಂದ. "ಕೈ ಅಂತಲೇ ಕೂಗ್ದೆ."

ಮಾವ ನನ್ನ ಕಡೆ ತಿರುಗಿದ. ಮೊಣಕೈಯಿಂದ ರಕ್ತ ಸೋರುತ್ತಿತ್ತು. "ಅನ್ನು. ಅವತ್ತು ಅಂದಂಗೆ ಅನ್ನು."

ನಾನು ಆಮಂತ್ರಣ ಪತ್ರಿಕೆಯನ್ನು ಬಾಯಿಗೆ ಅಡ್ಡ ಹಿಡಿದು ಹೇಳಿದೆ.

"ಸೈ," ಅಂದ ಮೆಲ್ಲಗೆ.

ಪತ್ರಿಕೆ ತೆಗೆದು ಅದೇ ಮಾತನ್ನು ಮತ್ತೆ ಹೇಳಿದೆ. ಸೈ ಅನ್ನಲು ಹಲ್ಲಿಗೆ ಹಲ್ಲು ಕೂಡಬೇಕು. ಕೈ ಅನ್ನಲು ಬಾಯಿ ಸೀದಾ ತೆರೆದುಕೊಳ್ಳುತ್ತದೆ. ಅವನು ನನ್ನ ಬಾಯನ್ನೇ ನೋಡಿದ. ಅವನ ಕಣ್ಣು ನೋಡಲಾರದೆ ನಾನು ಮುಖ ತಿರುಗಿಸಿದೆ. ಅವನು ಎದ್ದು, ಹಾರ ಹಾಕಿಕೊಂಡ ಅತಿಥಿಗಳ ನಡುವೆಯೇ ಹಾದು ಹೊರಗೆ ನಡೆದ.

"ಏನೂ ಆಗಿಲ್ಲ, ಏನೂ ಆಗಿಲ್ಲ, ಕೂತ್ಕೊಳ್ಳಿ," ಎಂದು ಮ್ಯಾನೇಜರ್ ಮೈಕಿನಲ್ಲಿ ಹೇಳುತ್ತಿದ್ದ. "ಬೇರೆಯವರು ಬನ್ರಪ್ಪ, ಸಾಹೇಬ್ರು ಇನ್ನೊಂದ್ ಸಲ ನೋಡ್ಲಿ."

ನಾನು ಕೃಷ್ಣಪ್ಪನವರ ಕಡೆ ನೋಡಿದೆ. ಅವರು ನೆಲ ನೋಡಿದರು. ಗ್ಲೌಸನ್ನು ಅಚ್ಚಿನಲ್ಲೇ ಬಿಟ್ಟು ಬಂದ ನಲ್ಲಪ್ಪನ ರಟ್ಟೆ ಹಿಡಿದು ನಾನೂ ಹೊರಟೆ.

ಗೇಟಿನ ಎದುರು ಚಿಕ್ಕಮುನಿಯಪ್ಪ ಎಡಗೈಯಲ್ಲಿ ಟೀ ಸೋಸುತ್ತಿದ್ದ. ಮಾವ ಬಂದು ಎದುರು ನಿಂತದ್ದನ್ನು ಕಂಡು ಪಾತ್ರೆ ಇಳಿಸಿದ.

"ಅವತ್ತು ಏನಂದೆ?" ಅಂದ ಮಾವ. "ಇನ್ನೊಂದ್ ಕಿತ ಅನ್ನು. ನಿನ್ ಬಾಯಿ ನೋಡ್ತೀನಿ."

ಚಿಕ್ಕಮುನಿಯಪ್ಪ ನನ್ನನ್ನು ನೋಡಿದ, ನಲ್ಲಪ್ಪನನ್ನು ನೋಡಿದ. ಆಮೇಲೆ ಬೆರಳಿಲ್ಲದ ಕೈಯನ್ನು ಮಾವನ ಮುಖದ ಮುಂದೆ ಹಿಡಿದು ಬಾಯಿ ತೆರೆದ.

"ಕೈ."

"ಕೈ," ಅಂದ ಮಾವ. ಅಂದು, ಆ ಮೊಂಡುಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತ. ಚಿಕ್ಕಮುನಿಯಪ್ಪ ಕೈ ಬಿಡಿಸಿಕೊಳ್ಳಲಿಲ್ಲ. "ಅಳಬೇಡ ಸುಮ್ನಿರೋ," ಅಂದ. ಮಾವ ತಲೆ ತಗ್ಗಿಸಿದ್ದ, ಅವನಿಗೆ ಕೇಳಿಸಲಿಲ್ಲ.

ಅಷ್ಟರಲ್ಲಿ ಒಳಗೆ ಪ್ರೆಸ್ಸು ಮತ್ತೆ ಶುರುವಾಯಿತು. ಕಾಲಡಿಯ ನೆಲ ನಡುಗಿತು. ಒಂದು ಏಟು, ಇನ್ನೊಂದು ಏಟು. ಪೆಡಲಿನ ಮೇಲೆ ಯಾರನ್ನು ಕೂರಿಸಿದರೋ, ಯಾರಾದರೇನು, ಎಲ್ಲರ ಕಿವಿಯನ್ನೂ ನಾನೇ ನೋಡಿದ್ದೆನಲ್ಲ. ಅಂಥದೇ ಬಿಳಿ ಗ್ಲೌಸುಗಳು ಈಗ ಯಾವ ತಾಯಿಯ ಮಗನ ಕೈಯಲ್ಲಿದ್ದವೋ.

ಸದ್ದು ನಿಂತಿತು. ಒಳಗಿನಿಂದ ಯಾರೋ ಕೂಗಿದರು.

"ಏನಂದ್ರು ಅಕ್ಕ?" ಎಂದು ನಲ್ಲಪ್ಪ ನನ್ನ ಮುಖ ನೋಡಿದ.

ಅಷ್ಟು ದೂರಕ್ಕೆ ನನ್ನ ಕಿವಿಗೂ "ಐ" ಅಂತಷ್ಟೇ ಕೇಳಿತ್ತು. ನಾನು ಬಾಯಿ ತೆರೆಯುವ ಮೊದಲೇ ನಲ್ಲಪ್ಪ ಗೇಟಿನ ಕಡೆ ಓಡಿದ.