ಗುಡ್ಡದ ಅಂಚಿನಲ್ಲಿ ಹಿಡಿದ ತಂತಿ

ದಸರೆ ಕಳೆದ ಭಾನುವಾರ ಶಿವದೇವಿ ಮತ್ತು ಅವಳ ಹೈದರಾಬಾದಿನ ಗೆಳೆಯರು ವಿಕಾರಾಬಾದಿನ ಗುಡ್ಡದ ಮೇಲೆ ಹ್ಯಾಂಗ್ ಗ್ಲೈಡರ್‌ಗಳನ್ನು ಜೋಡಿಸಿಕೊಂಡು ಗಾಳಿಗೆ ಕಾದಿದ್ದರು. ಮಧ್ಯಾಹ್ನ ಎದುರುಗಾಳಿ ಬೀಸಿದ್ದೇ ತಡ, ಅವರಲ್ಲಿ ಕಿರಿಯನಾದ ಬಸವಕಿರಣ ಗ್ಲೈಡರನ್ನು ಹೆಗಲಿಗೇರಿಸಿ ಓಡಲು ಅಣಿಯಾದ. ಹಿಂದೆ ನಿಂತಿದ್ದ ಶಿವದೇವಿಯ ಕಣ್ಣು ಅವನ ಬೆನ್ನಿನ ಮೇಲೆ ಬಿತ್ತು. ಅವನನ್ನು ಗ್ಲೈಡರಿಗೆ ತೂಗುಹಾಕಬೇಕಾದ ಕೊಕ್ಕೆ ಬೆನ್ನ ಮೇಲೆ ಸುಮ್ಮನೆ ಜೋತಾಡುತ್ತಿತ್ತು. ಅವಳು ಓಡಿಹೋಗಿ ರೆಕ್ಕೆಯ ತಂತಿ ಹಿಡಿದು ಜಗ್ಗಿದಳು.

“ಏನ್ ಮಾಡಾಕತ್ತೀರಿ ಅಕ್ಕಾರ? ಗಾಳಿ ಹೋಗ್ತೈತಿ!” ಎಂದು ಅವನು ರೇಗಿದ.

“ಗಾಳಿ ಮತ್ತ ಬರ್ತೈತಿ. ಮೊದಲ ಬೆನ್ನಿಗೆ ಕೈ ಹಾಕಿ ನೋಡೋ.”

ಕೈ ಹಾಕಿ ನೋಡಿದವನಿಗೆ ಜೋತಾಡುವ ಕೊಕ್ಕೆ ಸಿಕ್ಕಿತು; ಗ್ಲೈಡರ್ ಇಳಿಸಿ ಅಲ್ಲೇ ಕುಳಿತ. ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಕೊಕ್ಕೆ ಸಿಕ್ಕಿಸಿಕೊಂಡು, “ಒಮ್ಮೆ ನೀವ ನೋಡ್ರಿ,” ಎಂದ. ಶಿವದೇವಿ ನೋಡಿ ತಲೆಯಾಡಿಸಿದಳು. ಅವನು ಓಡಿ, ಹೊಲಗಳ ಮೇಲೆ ತೇಲಿದ. ಶಿವದೇವಿ ಮಾತ್ರ ತನ್ನ ಗ್ಲೈಡರನ್ನು ಬಿಚ್ಚಿ ಮಡಚತೊಡಗಿದಳು. ಅಂದು ಅವಳು ಹಾರಲಿಲ್ಲ.