ಹೋದ ವಾರ ಯಾರು ದುಡಿದರು?

ಅಮಾವಾಸ್ಯೆಯಾದ್ದರಿಂದ ಕುರುಗೋಡಿನ ಹೊನ್ನೂರಮ್ಮ ಅಂದು ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೋಗಿರಲಿಲ್ಲ. ಬಾಗಿಲಿಗೆ ನೀರು ಹಾಕುತ್ತಿರುವಾಗಲೇ, ಕೈಯಲ್ಲಿ ಟ್ಯಾಬ್ ಹಿಡಿದು ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಹೆಣ್ಣುಮಗಳೊಬ್ಬಳು ಬಂದಳು.

"ನಾನು ಸುಧಾರಾಣಿ ಅಂತ್ರಿ ಅಮ್ಮಾ, ಬಳ್ಳಾರಿಯಿಂದ ಬಂದೀನಿ. ಮನ್ಯಾಗ ಯಾರ್ಯಾರು ಏನೇನು ಕೆಲಸ ಮಾಡ್ತೀರಿ ಅಂತ ಸರ್ವೆ ಮಾಡಾಕತ್ತೀವಿ."

"ಬಳ್ಳಾರ್ಯಾಗ ಎಲ್ಲಿ ತಾಯಿ ಮನಿ?"

"ಸತ್ಯನಾರಾಯಣಪೇಟ್ಯಾಗ."

ಹೊನ್ನೂರಮ್ಮ ಕೈಯಲ್ಲಿದ್ದ ಚೊಂಬು ಕೆಳಗಿಟ್ಟಳು. ಮಗ ವಿರೂಪಾಕ್ಷಿಗೆಂದು ಸಿರುಗುಪ್ಪದ ಕಾವೇರಿಯನ್ನು ನೋಡಿಕೊಂಡು ಬಂದು ಇನ್ನೂ ಹದಿನೈದು ದಿನವಾಗಿರಲಿಲ್ಲ. ಆ ಹುಡುಗಿಯ ಸೋದರಮಾವ ಇರುವುದೂ ಸತ್ಯನಾರಾಯಣಪೇಟೆಯಲ್ಲೇ. ಹೆಣ್ಣು ಕೊಡುವವರು ಗುಟ್ಟಾಗಿ ಯಾರನ್ನಾದರೂ ಕಳಿಸಿ ವಿಚಾರಿಸುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ತಂಗಿಯ ಮಗಳಿಗೆ ಗಂಡು ಹುಡುಕುವಾಗ ಅವಳೇ ಬಳೆ ಮಾರುವವಳನ್ನು ಕಳಿಸಿದ್ದಳು. ಈಗಿನವರು ಟ್ಯಾಬ್ ಕೊಟ್ಟು ಕಳಿಸುತ್ತಾರೆ, ಅಷ್ಟೇ ಎಂದುಕೊಂಡಳು. ಚಾಪೆ ಹಾಸಿದಳು, ಚಹಾಕ್ಕಿಟ್ಟಳು, ಸಕ್ಕರೆಯನ್ನೂ ಒಂದು ಚಮಚ ಹೆಚ್ಚೇ ಹಾಕಿದಳು.

"ಮಗ ಏನು ಮಾಡ್ತಾರ್ರಿ?"

"ಐಟಿಐ ಮಾಡ್ಯಾನ. ಕುಡತಿನಿ ಪವರ್ ಪ್ಲಾಂಟಿನ್ಯಾಗ ಕೆಲಸ. ಕರೆಂಟು ತಯಾರಾಗೋದೇ ಅವನ ಕೈಯಾಗ ಅನ್ನು."

ಕೆಲಸ ಇದ್ದದ್ದೇನೋ ನಿಜ. ಗುತ್ತಿಗೆ ಮುಗಿದು ಹತ್ತು ತಿಂಗಳಾಗಿದ್ದನ್ನು ಮಾತ್ರ ಹೊನ್ನೂರಮ್ಮ ಹೇಳಲಿಲ್ಲ.

"ಹೋದ ವಾರ ಎಷ್ಟು ದಿನ ಕೆಲಸಕ್ಕ ಹೋಗಿದ್ರು?"

"ಏಳು ದಿನನೂ."

ಸುಧಾರಾಣಿಯ ಬೆರಳು ನಿಂತಿತು. "ಭಾನುವಾರನೂ?"

"ಭಾನುವಾರ ನಿಮ್ಮನ್ಯಾಗ ಕರೆಂಟು ಬ್ಯಾಡೇನು?"

"ಆಯ್ತಮ್ಮ. ನೀವೇನು ಮಾಡ್ತೀರಿ?"

"ನಾನೇನು ಮಾಡ್ಲಿ. ಮಗ ತಂದು ಹಾಕ್ತಾನ, ಆರಾಮ ಕುಂತು ಉಣ್ತೀನಿ."

ವಿರೂಪಾಕ್ಷಿ ನೀರಿನ ಕೊಡ ಹೊತ್ತು ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದ. ಕೊಡ ಇಳಿಸಿ ಒಳಗೆ ಬಂದ.

"ಅದನ್ನೆಲ್ಲಾ ಅಳಿಸ್ರಿ ಮೇಡಂ. ನನಗ ಹತ್ತು ತಿಂಗಳಿಂದ ಕೆಲಸ ಇಲ್ಲ. ದುಡಿಯಾಕಿ ನಮ್ಮವ್ವ. ಹೋದ ವಾರ ಆರು ದಿನ ಮೆಣಸಿನಕಾಯಿ ಬಿಡಿಸಾಕ ಹೋಗ್ಯಾಳ."

ಹೊನ್ನೂರಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೂಡಿಬಂದ ಸಂಬಂಧಕ್ಕೆ ಮಗನೇ ಕಲ್ಲು ಹಾಕಿದನಲ್ಲ ಎಂದು ಹಲ್ಲು ಕಚ್ಚಿದಳು. "ಲೇ, ಅವ್ರು ಕಾವೇರಿ ಮಾವನ ಕಡಿಯವ್ರು" ಎಂದು ಪಿಸುಗುಟ್ಟಿದಳು.

ಪಿಸುಮಾತು ಸುಧಾರಾಣಿಗೂ ಕೇಳಿಸಿತು. ನಗು ತಡೆದುಕೊಂಡು, "ಯಾವ ಮಾವನೂ ನನಗ ಗೊತ್ತಿಲ್ಲಮ್ಮ, ನಾನು ಖರೇನ ಸರ್ವೇದಾಕಿ" ಎಂದಳು. ಆಮೇಲೆ ವಿರೂಪಾಕ್ಷಿಯ ಕಡೆ ತಿರುಗಿ ಮುಂದಿನ ಪ್ರಶ್ನೆ ಓದಿದಳು. "ಕೆಲಸ ಸಿಕ್ರ ಹೋಗಾಕ ತಯಾರದೀರೇನ್ರಿ?"

"ತಯಾರದೀನ್ರಿ. ಅವ್ವನ ಜೊತಿ ಹೊಲಕ್ಕ ಹೋಗ್ತೀನಿ ಅಂದ್ರ ಬಿಡವಲ್ಲಳು."

"ಐಟಿಐ ಓದಿದಾವ ಕೂಲಿಗೆ ಹೊಂಟ್ರ ಹೆಣ್ಣು ಯಾರು ಕೊಡ್ತಾರ?" ಎಂದಳು ಹೊನ್ನೂರಮ್ಮ. ಗಂಡ ತೀರಿಕೊಂಡ ಮೇಲೆ ಹನ್ನೆರಡು ವರ್ಷ ಅವಳು ಬಿಸಿಲಿಗೆ ಬೆನ್ನು ಕೊಟ್ಟಿದ್ದೇ ಮಗ ಬಿಸಿಲಿಗೆ ಇಳಿಯಬಾರದೆಂದು. ಅಷ್ಟು ಜೀವ ಅವನ ಮೇಲೆ.

ವಿರೂಪಾಕ್ಷಿ ತಾಯಿಯ ಪಕ್ಕದಲ್ಲೇ ಕುಳಿತ. "ಕಾವೇರಿಗೆ ನಾನೇ ಫೋನ್ ಮಾಡಿ ಎಲ್ಲಾ ಹೇಳೀನಿ ಯವ್ವಾ. ಕೆಲಸ ಇಲ್ಲ ಅಂದಿದ್ದಕ್ಕ ಆಕಿ ಏನೂ ಅನ್ನಲಿಲ್ಲ. ನಿಮ್ಮವ್ವ ಬಿಸಿಲಾಗ ಹೋದಾಗ ನೀ ಮನ್ಯಾಗ ಹೆಂಗ ಕುಂದ್ರತಿ ಅಂತ ಅಷ್ಟ ಕೇಳಿದ್ಳು. ನಾಳಿಂದ ನಾನೂ ನಿನ್ನ ಜೊತಿ ಬರ್ತೀನಿ."

ಹೊನ್ನೂರಮ್ಮ ಬಿಸಿಲಲ್ಲಿ ದುಡಿಯುವ ಬಗ್ಗೆ ಇಷ್ಟು ವರ್ಷ ಒಬ್ಬರೂ ಕೇಳಿರಲಿಲ್ಲ. ಆ ಹುಡುಗಿಯ ಮೇಲೆ ಅಕ್ಕರೆ ಉಕ್ಕಿ ಕಣ್ಣು ತುಂಬಿತು. ಸೊಸೆ ಅಂದರೆ ಇವಳೇ ಎಂದು ಅಲ್ಲೇ ಗಟ್ಟಿ ಮಾಡಿಕೊಂಡಳು.

"ಬರಕೋ ತಾಯಿ, ನಾಳಿಂದ ಈ ಮನ್ಯಾಗ ಇಬ್ರು ದುಡಿಯೋರು."

"ನಾಳೇದು ಬರಿಯಾಕ ಬರಲ್ಲಮ್ಮ. ಹೋದ ವಾರದ್ದು ಅಷ್ಟ."

"ಹಂಗಾರ ನನ್ನದನ್ನ ಸರಿ ಮಾಡು" ಎಂದಳು ಹೊನ್ನೂರಮ್ಮ. "ಕುಂತು ಉಣ್ಣಾಕಿ ಅಂತ ಬರಿಬ್ಯಾಡ. ದುಡೀತಾಳ ಅಂತ ಬರಿ."